ಅಪ್ಪಿಯ ತೊಡೆ ಸ್ಕ್ಯಾನಿಂಗ್‌ಗೆ ನನ್ನ ಮಗನೂ ಹೋದ

ಸ್ಟಿರಾಯ್ಡ್ ತೆಗೆದುಕೊಳ್ಳುವ ಮಗುವಿನ ತೂಕ ಏರಿದರೆ ಅದರಿಂದ ಮೈಯಲ್ಲಿ ಮಾಂಸಖಂಡ ಎಷ್ಟಿದೆ ಅಂತ ಗೊತ್ತಾಗುವುದಿಲ್ಲ. ನಮ್ಮ ಬಳಗದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಅಕ್ಕನ ಮಗ ಅಪ್ಪಿಯನ್ನು ನೋಡಿದವರೆಲ್ಲ "ಹುಡುಗ ಈಗ ಮೈ ತುಂಬ್ಯಾನ ನೋಡ್ರಿ" ಅನ್ನುತ್ತಿದ್ದರು. ಗಲ್ಲ ದುಂಡಗಾಗಿತ್ತು, ಹೊಟ್ಟೆ ಬಂದಿತ್ತು. ನಮ್ಮ ಕಡೆ ದುಂಡಗಿದ್ದರೆ ಆರೋಗ್ಯ ಅಂತಲೇ ಅರ್ಥ, ಅಲ್ವಾ.

ಅಪ್ಪಿಗೆ ಒಂಬತ್ತು ವರ್ಷ. ಅಕ್ಕ ಇರುವುದು ಅಣ್ಣಿಗೇರಿಯಲ್ಲಿ, ನಾವು ಹುಬ್ಬಳ್ಳಿಯ ಉಣಕಲ್ ಹತ್ತಿರ. ನನ್ನ ಮಗ ಅವನಿಗಿಂತ ಎರಡು ತಿಂಗಳು ದೊಡ್ಡವನು. ಅಪ್ಪಿಗೆ ನೆಫ್ರೋಟಿಕ್ ಸಿಂಡ್ರೋಮ್ ಇದೆ. ಕಿಡ್ನಿ ಹಿಡಿದಿಟ್ಟುಕೊಳ್ಳಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿ ಹೋಗುತ್ತದೆ. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು, ಸಂಜೆ ಹೊತ್ತಿಗೆ ಕಾಲಲ್ಲಿ ಬಾವು. ಔಷಧಿ ಅಂದರೆ ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ ಗುಳಿಗೆ. ಮೊದಲ ಸಲ ಬಂದಾಗ ಆರು ವಾರ ದಿನಾ, ಆಮೇಲೆ ಆರು ವಾರ ದಿನ ಬಿಟ್ಟು ದಿನ. ಅಷ್ಟಕ್ಕೇ ಮುಗಿದು ಮತ್ತೆ ಬಾರದ ಮಕ್ಕಳೂ ಇದ್ದಾರೆ. ಅಪ್ಪಿಯದು ಪದೇ ಪದೇ ಮರುಕಳಿಸುವ ಜಾತಿ. ಒಂದು ನೆಗಡಿ ಬಂದರೆ ಸಾಕು, ಮೂತ್ರದಲ್ಲಿ ಪ್ರೋಟೀನ್ ಶುರು, ಗುಳಿಗೆಯ ಡೋಸ್ ಮತ್ತೆ ಮೇಲಕ್ಕೆ.

ಅಕ್ಕ ದಿನಾ ಬೆಳಗ್ಗೆ ಅವನ ಮೊದಲ ಮೂತ್ರವನ್ನು ಗಾಜಿನ ನಳಿಕೆಗೆ ಹಾಕಿ, ಅದಕ್ಕೆ ಔಷಧದಂಗಡಿಯಿಂದ ತಂದ ಆಸಿಡ್‌ನ ಹನಿ ಬಿಡುತ್ತಾಳೆ. ತಿಳಿಯಾಗಿಯೇ ಇದ್ದರೆ ನೆಮ್ಮದಿ. ಬೆಳ್ಳಗೆ ತಿರುಗಿದರೆ ಪ್ರೋಟೀನ್ ಸೋರುತ್ತಿದೆ ಅಂತ ಅರ್ಥ; ಎಷ್ಟು ಬೆಳ್ಳಗೆ ಅಂತ ನೋಡಿ ನೋಟ್‌ಬುಕ್ಕಿನಲ್ಲಿ ಒಂದು, ಎರಡು, ಮೂರು ಪ್ಲಸ್ ಬರೆಯುತ್ತಾಳೆ. ಪಕ್ಕದಲ್ಲಿ ತೂಕ. ಈ ನೋಟ್‌ಬುಕ್ ನೋಡಿದ್ದರಿಂದಲೇ ನನಗೆ ತೂಕದ ಮೇಲಿನ ನಂಬಿಕೆ ಹೋಯಿತು. ಬಾವು ಬಂದಾಗ ತೂಕ ಏರುತ್ತದೆ, ಅದು ನೀರು. ಗುಳಿಗೆ ಹತ್ತಿದ ಮೇಲೆ ನೀರೆಲ್ಲ ಮೂತ್ರದಲ್ಲಿ ಹೋಗಿ ಇಳಿಯುತ್ತದೆ. ಆಮೇಲೆ ಸ್ಟಿರಾಯ್ಡಿನ ಹಸಿವು. ಎರಡು ರೊಟ್ಟಿ ತಿಂದು ಇನ್ನೂ ಎರಡು ಕೇಳುತ್ತಾನೆ. ತೂಕ ಮತ್ತೆ ಏರುತ್ತದೆ, ಈ ಸಲ ಅದು ಕೊಬ್ಬು. ಈ ಏರಿಳಿತದ ನಡುವೆ ಮಾಂಸಖಂಡ ಎಷ್ಟಿದೆ ಅಂತ ಯಾವ ಕಾಟಾ ಹೇಳುತ್ತದೆ?

ಮೊದಲು ಗಮನಿಸಿದವಳು ಅಕ್ಕ. ಊಟಕ್ಕೆ ನೆಲದ ಮೇಲೆ ಕೂತ ಹುಡುಗ ಏಳುವಾಗ ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈ ಮೊಣಕಾಲಿಗೆ ಒತ್ತಿ ಏಳುತ್ತಿದ್ದ. ಮನೆಯವರು ದಪ್ಪ ಆಗಿದ್ದಕ್ಕೆ ಸೋಮಾರಿತನ ಅಂದರು. ಮುಂದಿನ ಸಲ ದವಾಖಾನೆಗೆ ಬಂದಾಗ ಅಕ್ಕ ಇದನ್ನು ಹೇಳಿದಳು. ಡಾಕ್ಟರು ಅವನನ್ನು ನೆಲದ ಮೇಲೆ ಕೂರಿಸಿ, ಕೈ ಕಟ್ಟಿಕೊಂಡು ಏಳು ಅಂದರು. ಆಗಲಿಲ್ಲ.

ಅಲ್ಲಿಂದ ಈ ಸ್ಕ್ಯಾನಿಂಗ್ ಕಥೆ ಶುರು. ದವಾಖಾನೆ ಯಾವುದು ಅನ್ನುವುದು ಬೇಡ, ಅವಳಿ ನಗರದ್ದೇ ಒಂದು ಮೆಡಿಕಲ್ ಕಾಲೇಜು. ಮೊದಲು ರಕ್ತದಲ್ಲಿ ಸಿಪಿಕೆ ಅನ್ನುವ ಪರೀಕ್ಷೆ ಮಾಡಿಸಿದರು. ಮಾಂಸಖಂಡ ಒಡೆಯುವ ಕಾಯಿಲೆಗಳಲ್ಲಿ ಅದು ಜಾಸ್ತಿ ಬರುತ್ತದೆ. ಡುಶೇನ್ ಅಂತ ಗಂಡು ಮಕ್ಕಳಿಗೆ ಬರುವ ಕಾಯಿಲೆಯಲ್ಲಂತೂ ಬಹಳ ಏರುತ್ತದೆ. ಆ ಮಕ್ಕಳೂ ಹೀಗೇ ಮೊಣಕಾಲು ಹಿಡಿದು ಏಳುತ್ತಾರೆ. ಹಾಗಾಗಿ ಅದಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕಿತ್ತು. ಅಪ್ಪಿಯದು ನಾರ್ಮಲ್ ಬಂತು. ಸ್ಟಿರಾಯ್ಡಿನಿಂದ ಸ್ನಾಯು ಸವೆದಾಗ ಸಾಮಾನ್ಯವಾಗಿ ಸಿಪಿಕೆ ಏರುವುದಿಲ್ಲ. ಅದು ಸದ್ದಿಲ್ಲದೆ ಸೊಂಟ, ತೊಡೆ, ಭುಜದ ಸ್ನಾಯುಗಳನ್ನೇ ಮೊದಲು ಹಿಡಿಯುತ್ತದೆ.

ಆ ವಿಭಾಗದಲ್ಲಿ ಪಿಜಿ ಓದುತ್ತಿದ್ದ ಡಾಕ್ಟರ್ ಮೇಡಂ ಒಬ್ಬರಿದ್ದರು, ಮೈಸೂರು ಕಡೆಯವರು. ಅವರ ಥೀಸಿಸ್ಸೇ ಇದು: ಬಹಳ ಕಾಲ ಸ್ಟಿರಾಯ್ಡ್ ತೆಗೆದುಕೊಳ್ಳುವ ಮಕ್ಕಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆಯುವುದು. ಅಕ್ಕನ ಜೊತೆ ನಾನೂ ಹೋಗಿದ್ದೆ. ನನಗೆ ಪ್ರಶ್ನೆ ಕೇಳುವ ಚಟ. ಅವರಿಗೂ ಹೇಳುವ ತಾಳ್ಮೆ ಇತ್ತು.

"ಸಿಟಿ ಸ್ಕ್ಯಾನ್ ಮಾಡಿದ್ರ ಇನ್ನೂ ಛಲೋ ಕಾಣಂಗಿಲ್ಲೇನ್ರಿ?" ಅಂತ ಕೇಳಿದೆ. ದೊಡ್ಡ ಮಷಿನ್ ಅಂದರೆ ದೊಡ್ಡ ಉತ್ತರ ಅನ್ನುವುದು ನಮ್ಮೆಲ್ಲರ ತಲೆಯಲ್ಲಿದೆ.

ಕಾಣುತ್ತದೆ ಅಂದರು. ದೊಡ್ಡವರಲ್ಲಿ ಸೊಂಟದ ಮೂರನೇ ಬೆನ್ನುಮೂಳೆಯ ಮಟ್ಟದಲ್ಲಿ ಒಂದೇ ಒಂದು ಸಿಟಿ ಚಿತ್ರ ತೆಗೆದುಕೊಂಡು, ಅದರಲ್ಲಿರುವ ಸ್ನಾಯುವಿನ ವಿಸ್ತೀರ್ಣ ಲೆಕ್ಕ ಹಾಕಿದರೆ ಇಡೀ ಮೈಯ ಸ್ನಾಯು ಎಷ್ಟು ಅಂತ ಅಂದಾಜು ಸಿಗುತ್ತದೆ. ಸಿಟಿಯಲ್ಲಿ ಯಾವುದು ಎಷ್ಟು ಎಕ್ಸ್‌ರೇ ತಡೆಯುತ್ತದೆ ಅನ್ನುವುದಕ್ಕೆ ಒಂದು ಅಂಕಿ ಕೊಡುತ್ತಾರೆ, ನೀರಿಗೆ 0 ಅಂತ ಲೆಕ್ಕ. ಸ್ನಾಯು −29ರಿಂದ 150ರ ಒಳಗೆ ಬರುತ್ತದೆ, ಕೊಬ್ಬು −190ರಿಂದ −30ರ ಒಳಗೆ. ಹಾಗಾಗಿ ಕಂಪ್ಯೂಟರ್ ಎರಡನ್ನೂ ಬೇರೆ ಮಾಡಿ ಬಣ್ಣ ಹಚ್ಚುತ್ತದೆ. ಅವರು ಮೊಬೈಲ್‌ನಲ್ಲಿ ಒಂದು ಚಿತ್ರ ತೋರಿಸಿದರು. ಬೆನ್ನುಮೂಳೆಯ ಎಡಕ್ಕೂ ಬಲಕ್ಕೂ ಎರಡು ದುಂಡನೆಯ ಸ್ನಾಯು, ಸೋವಸ್ ಅಂತ ಅದರ ಹೆಸರು. ಸುತ್ತ ಗೆರೆ ಎಳೆದಿದ್ದರು, ಸರ್ವೆಯವರು ಹೊಲದ ಹದ್ದು ಗುರುತು ಮಾಡಿದ ಹಾಗೆ. ಒಳಗೆ ಎಷ್ಟು ಚದರ ಸೆಂಟಿಮೀಟರ್ ಅಂತ ಪಕ್ಕದಲ್ಲಿ ಬರೆದಿತ್ತು.

"ಆದರೆ ಸ್ನಾಯು ನೋಡೋದಕ್ಕೆ ಅಂತಲೇ ಮಗುವಿಗೆ ಸಿಟಿ ಮಾಡಿಸೋದಿಲ್ಲ" ಅಂದರು. ರೇಡಿಯೇಷನ್ ಇದೆ, ಬೆಳೆಯುವ ಮೈಗೆ ಅದು ಬೇಡ. ಕ್ಯಾನ್ಸರ್‌ಗೋ ಲಿವರ್ ಕಾಯಿಲೆಗೋ ಅಂತ ಹೇಗೂ ಸಿಟಿ ಆಗಿದ್ದರೆ, ಅದೇ ಚಿತ್ರದಿಂದ ಸ್ನಾಯುವನ್ನೂ ಅಳೆದುಕೊಳ್ಳುತ್ತಾರೆ ಅಷ್ಟೇ.

ಇಲ್ಲಿ ನನಗೆ ಇನ್ನೊಂದು ಅನುಮಾನ ಬಂತು. ಅಳೆದಾಯಿತು, ಇಷ್ಟು ಚದರ ಸೆಂಟಿಮೀಟರ್ ಬಂತು. ಅದು ಕಡಿಮೆಯೋ ಸರಿಯೋ ಅಂತ ಗೊತ್ತಾಗುವುದು ಹೇಗೆ? ಆರೋಗ್ಯವಂತ ಮಗುವಿಗೆ ಎಷ್ಟಿರಬೇಕು ಅಂತ ತಿಳಿಯಲು ಆರೋಗ್ಯವಂತ ಮಕ್ಕಳಿಗೂ ಸಿಟಿ ಮಾಡಬೇಕಲ್ಲ? ಅದನ್ನು ಯಾರು ಮಾಡಿಸುತ್ತಾರೆ?

ಮೇಡಂ ನಕ್ಕರು. ಕೆನಡಾದ ಟೊರಾಂಟೊದಲ್ಲಿ ಇದಕ್ಕೊಂದು ದಾರಿ ಹುಡುಕಿದ್ದಾರಂತೆ. ಅಪಘಾತವಾಗಿ ಆಸ್ಪತ್ರೆಗೆ ಬಂದ ಮಕ್ಕಳಿಗೆ ಒಳಗೆ ಪೆಟ್ಟಾಗಿದೆಯಾ ಅಂತ ನೋಡಲು ಹೊಟ್ಟೆಯ ಸಿಟಿ ಮಾಡಿರುತ್ತಾರೆ. ಆ ಮಕ್ಕಳು ಅಪಘಾತದ ಹಿಂದಿನ ಗಳಿಗೆವರೆಗೂ ಆರಾಮಾಗಿ ಓಡಾಡಿಕೊಂಡಿದ್ದವರು. ಅವರ ಹಳೆಯ ಚಿತ್ರಗಳನ್ನು ತೆಗೆದು, 1ರಿಂದ 16 ವರ್ಷದವರೆಗೆ ಸೋವಸ್ ಸ್ನಾಯು ಎಷ್ಟಿರುತ್ತದೆ ಅನ್ನುವ ಪಟ್ಟಿ ಮಾಡಿದರು. 2020ರಲ್ಲಿ ಅದು ಪ್ರಕಟವಾಯಿತು. ದೊಡ್ಡವರಿಗೆ ಮಾಡುವಂತೆ ಎತ್ತರದ ವರ್ಗದಿಂದ ಭಾಗಿಸಿ ಒಂದೇ ಗಡಿ ಹಾಕಿದರೆ ಮಕ್ಕಳಿಗೆ ಹೊಂದುವುದಿಲ್ಲ. ಹುಡುಗ, ಹುಡುಗಿ, ವಯಸ್ಸು ಎಲ್ಲ ಬೇರೆ ಬೇರೆ ನೋಡಬೇಕು.

ಸರಿ, ಆದರೆ ಟೊರಾಂಟೊದ ಮಕ್ಕಳ ಪಟ್ಟಿಗೆ ಅಣ್ಣಿಗೇರಿಯ ಹುಡುಗನನ್ನು ಹೋಲಿಸುವುದು? ಅದೂ ಅಲ್ಲದೆ ನಮ್ಮದು ಸಿಟಿ ಅಲ್ಲ, ತೊಡೆಯ ಅಲ್ಟ್ರಾಸೌಂಡ್.

"ಅದಕ್ಕೇ ನಿಮ್ಮನ್ನ ಒಂದು ಕೇಳಬೇಕಿತ್ತು" ಅಂದರು ಮೇಡಂ. ಅವರಿಗೆ ಅಪ್ಪಿಯ ವಯಸ್ಸಿನ, ಯಾವ ಕಾಯಿಲೆಯೂ ಇಲ್ಲದ, ಇದೇ ಕಡೆಯ ಹುಡುಗರು ಬೇಕಿತ್ತು. ಅಕ್ಕ ನನ್ನ ಮುಖ ನೋಡಿದಳು. ನನ್ನ ಮಗ ಅವಾಗಲೇ ಲೆಕ್ಕಕ್ಕೆ ಬಂದುಬಿಟ್ಟಿದ್ದ.

ಮನೆಯಲ್ಲಿ ಗದ್ದಲವಾಯಿತು. ನಮ್ಮ ಅತ್ತೆಯವರದು ಒಂದೇ ಮಾತು. "ಆರಾಮ್ ಇದ್ದ ಕೂಸನ್ನ ದವಾಖಾನಿಗೆ ಒಯ್ಯೋದು ಅಂದ್ರ ಏನವ್ವಾ ಇದು? ಇಲ್ಲದ್ದು ಹಚ್ಚಿಕೊಂಡು ಬರ್ತೀರಿ." ಅವರ ಮಾತಿನಲ್ಲಿ ತೂಕವಿಲ್ಲ ಅಂತ ನಾನು ಹೇಳುವುದಿಲ್ಲ. ಮಕ್ಕಳ ಒಪಿಡಿಯಲ್ಲಿ ಕೆಮ್ಮು, ಜ್ವರ ಎಲ್ಲ ಇರುತ್ತದೆ. ನಾನು ಅದನ್ನೇ ಮೇಡಂಗೆ ಹೇಳಿದೆ. ಒಪಿಡಿಗೆ ಬರುವುದೇ ಬೇಡ, ನೇರ ಸ್ಕ್ಯಾನಿಂಗ್ ರೂಮಿಗೆ ಮಧ್ಯಾಹ್ನ ಬನ್ನಿ, ಆಗ ಗದ್ದಲ ಇರುವುದಿಲ್ಲ ಅಂದರು. ಅಲ್ಟ್ರಾಸೌಂಡ್ ಅಂದರೆ ಶಬ್ದದ ಅಲೆ, ರೇಡಿಯೇಷನ್ ಇಲ್ಲ, ಸೂಜಿ ಇಲ್ಲ ಅಂತ ಅತ್ತೆಯವರಿಗೆ ತಿಳಿಸಿ ಹೇಳಿದವರು ನಮ್ಮ ಮನೆಯವರು. "ಬಸುರಿಯರಿಗೆ ಮಾಡ್ತಾರಲ್ಲ, ಅದs" ಅನ್ನುವ ಹೊತ್ತಿಗೆ ಅವರು ಸ್ವಲ್ಪ ತಣ್ಣಗಾದರು.

ಹೋಗುವ ದಿನ ಬಂತು, ಆದರೆ ಸ್ಕ್ಯಾನಿಂಗ್ ಆಗಲಿಲ್ಲ. ಅಪ್ಪಿಗೆ ಆ ವಾರವೇ ಮೂತ್ರ ಬೆಳ್ಳಗೆ ತಿರುಗಿತ್ತು, ಕಾಲು ಬಾತಿತ್ತು. ಮೇಡಂ ಅವನ ಮೊಣಕಾಲಿನ ಕೆಳಗೆ ಹೆಬ್ಬೆರಳಿಟ್ಟು ಒತ್ತಿ ಹಿಡಿದರು. ಕೈ ತೆಗೆದ ಮೇಲೂ ಅಲ್ಲಿ ಕುಳಿ ಹಾಗೇ ಉಳಿಯಿತು. "ಇವತ್ತು ಬೇಡ. ನೀರು ತುಂಬಿದ ಕಾಲು ಅಳೆದರೆ ನನಗೂ ಉಪಯೋಗವಿಲ್ಲ, ಇವನಿಗೂ ಇಲ್ಲ" ಅಂದರು.

ಆ ದಿನ ಸುಮ್ನೆ ಕಾಯುತ್ತಾ ಕೂತಾಗ ಡೆಕ್ಸಾ ಬಗ್ಗೆ ಕೇಳಿದೆ. ಮೂಳೆ ಸವೆತ ನೋಡಲು ವಯಸ್ಸಾದವರಿಗೆ ಮಾಡುತ್ತಾರಲ್ಲ, ಅದೇ. ಎರಡು ಬಗೆಯ ಎಕ್ಸ್‌ರೇ ಹಾಯಿಸಿ ಮೂಳೆ, ಕೊಬ್ಬು, ಉಳಿದದ್ದು ಅಂತ ಮೈಯನ್ನು ಮೂರು ಪಾಲು ಮಾಡಿ ತೋರಿಸುತ್ತದೆ. ರೇಡಿಯೇಷನ್ ಬಹಳ ಕಡಿಮೆ, ಸಿಟಿಗೆ ಹೋಲಿಸಿದರೆ ಲೆಕ್ಕಕ್ಕಿಲ್ಲ. ಆದರೆ ಆ "ಉಳಿದದ್ದು" ಅನ್ನುವ ಪಾಲಿನಲ್ಲಿ ಸ್ನಾಯುವಿನ ಜೊತೆ ನೀರೂ ಸೇರಿಕೊಳ್ಳುತ್ತದೆ. ಬಾವು ಬಂದ ಮಗುವನ್ನು ಅದರ ಮೇಲೆ ಮಲಗಿಸಿದರೆ ಸ್ನಾಯು ಜಾಸ್ತಿ ಇದೆ ಅಂತ ತೋರಿಸೀತು! ನೆಫ್ರೋಟಿಕ್ ಮಗುವಿಗೆ ತೂಕದ ಕಾಟಾ ಮಾಡುವ ಮೋಸವನ್ನೇ ಲಕ್ಷಗಟ್ಟಲೆ ಬೆಲೆಯ ಮಷಿನ್ನೂ ಮಾಡುತ್ತದೆ ಅಂದಹಾಗಾಯಿತು. ಎಂಆರ್‌ಐ ಎಲ್ಲಕ್ಕಿಂತ ಚೊಕ್ಕ. ಸ್ನಾಯುವಿನ ಒಳಗೆ ಎಷ್ಟು ಕೊಬ್ಬು ಸೇರಿದೆ ಅನ್ನುವುದನ್ನೂ ಹೇಳುತ್ತದೆ. ಆದರೆ ಆ ಸುರಂಗದೊಳಗೆ, ಆ ಗದ್ದಲದಲ್ಲಿ, ಅಪ್ಪಿಯಂಥ ಹುಡುಗ ಅಲುಗಾಡದೆ ಮಲಗುವುದುಂಟೇ. ಸಣ್ಣ ಮಕ್ಕಳಿಗಂತೂ ಎಷ್ಟೋ ಸಲ ಮಂಪರು ಬರುವ ಔಷಧಿ ಕೊಟ್ಟೇ ಮಾಡಬೇಕಾಗುತ್ತದೆ.

ಅಂಗನವಾಡಿಯಲ್ಲಿ ತೋಳಿಗೆ ಸುತ್ತುವ ಬಣ್ಣದ ಪಟ್ಟಿ ನೆನಪಾಯಿತು. 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಕೆಂಪು. ಅದು ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ. ಹಸಿದ ಮಗುವನ್ನು ಬೇಗ ಗುರುತಿಸಲು ಅದಕ್ಕಿಂತ ಅಗ್ಗದ ಉಪಾಯ ಇಲ್ಲ. ಆದರೆ ಅಪ್ಪಿಯ ತೋಳಿಗೆ ಟೇಪು ಸುತ್ತಿದರೆ ಕೊಬ್ಬನ್ನೂ ಸೇರಿಸಿಯೇ ಅಳೆದ ಹಾಗೆ.

ಬಾವು ಪೂರ್ತಿ ಇಳಿದು, ಮೂತ್ರ ತಿಳಿಯಾಗಿ ಕೆಲ ದಿನ ಕಳೆದ ಮೇಲೆ ಮತ್ತೆ ಕರೆದರು. ಅಕ್ಕ, ಅಪ್ಪಿ ಗದಗ ಕಡೆಯಿಂದ ಬರುವ ರೈಲಿಗೆ ಬಂದರು. ಅಲ್ಲಿಂದ ನಾವೆಲ್ಲ ಚಿಗರಿ ಬಸ್ಸು ಹತ್ತಿ ಹೋದೆವು. ಹುಡುಗರಿಬ್ಬರೂ ಕಿಟಕಿ ಸೀಟಿಗೆ ಜಗಳವಾಡಿದರು.

ಒಪ್ಪಿಗೆ ಪತ್ರ ಕನ್ನಡದಲ್ಲೇ ಇತ್ತು. ನಾನು ಸಹಿ ಹಾಕಿದ ಮೇಲೆ ಮುಗಿಯಿತು ಅಂದುಕೊಂಡರೆ, ಮೇಡಂ ಪೆನ್ನು ಕೆಳಗಿಟ್ಟು ನನ್ನ ಮಗನ ಕಡೆ ತಿರುಗಿದರು. ಏಳರಿಂದ ಹನ್ನೆರಡು ವರ್ಷದ ಮಕ್ಕಳಾದರೆ ಅಪ್ಪ ಅಮ್ಮನ ಎದುರಿಗೇ ಅವರನ್ನೂ ಬಾಯಿಬಿಟ್ಟು ಕೇಳಬೇಕು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ನಿಯಮ ಇದೆಯಂತೆ. "ನಿನಗೆ ಬೇಡ ಅನ್ನಿಸಿದರೆ ಬೇಡ ಅನ್ನು. ಯಾರೂ ಬೈಯಲ್ಲ" ಅಂದರು. ಅವನು ಸ್ವಲ್ಪ ಯೋಚಿಸಿ, "ಚಡ್ಡಿ ಬಿಚ್ಚಬೇಕೇನ್ರಿ?" ಅಂತ ಕೇಳಿದ. ಇಲ್ಲ, ಮೇಲಕ್ಕೆ ಮಡಚಿದರೆ ಸಾಕು ಅಂದ ಮೇಲೆ ಹೂಂ ಅಂದ. ಇಷ್ಟು ವರ್ಷದಲ್ಲಿ ಯಾವ ದವಾಖಾನೆಯಲ್ಲೂ ಅವನನ್ನು ಯಾರೂ ಹೀಗೆ ಕೇಳಿದ್ದು ನನಗೆ ನೆನಪಿಲ್ಲ.

ಮೊದಲು ಇಬ್ಬರ ಎತ್ತರ, ತೂಕ. ತೂಕ ಇಬ್ಬರದೂ ಹೆಚ್ಚು ಕಡಿಮೆ ಒಂದೇ! ಎತ್ತರದಲ್ಲಿ ಅಪ್ಪಿ ಕಡಿಮೆ. ಸ್ಟಿರಾಯ್ಡ್ ಎತ್ತರವನ್ನೂ ಹಿಡಿದು ನಿಲ್ಲಿಸುತ್ತದೆ. ಆಮೇಲೆ ಮಂಚದ ಮೇಲೆ ಕಾಲು ನೀಟಾಗಿ ಚಾಚಿ ಮಲಗಿಸಿ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರು, ಓಡಿಬಂದ ಕಾಲು ಸಡಿಲಾಗಲಿ ಅಂತ. ಸೊಂಟದ ಮುಂದೆ ಕೈಗೆ ಸಿಗುವ ಎಲುಬಿನಿಂದ ಮೊಣಕಾಲಿನ ಚಿಪ್ಪಿನ ಮೇಲಂಚಿನವರೆಗೆ ಟೇಪು ಹಿಡಿದು, ಸರಿಯಾಗಿ ಅರ್ಧಕ್ಕೆ ಪೆನ್ನಿನಲ್ಲಿ ಗುರುತು ಹಾಕಿದರು. ನನ್ನ ಮಗನಿಗೆ ಕಚಗುಳಿ. ಗುರುತು ಎರಡು ಸಲ ಸೊಟ್ಟಗಾಯಿತು.

ಅಳೆಯುವವರು ಮೇಡಂ ಅಲ್ಲ, ರೇಡಿಯಾಲಜಿಯ ಇನ್ನೊಬ್ಬ ಡಾಕ್ಟರು. ಇಬ್ಬರಲ್ಲಿ ಕಾಯಿಲೆ ಯಾರಿಗಿದೆ ಅಂತ ಅವರಿಗೆ ಹೇಳಿರಲಿಲ್ಲ. ಗೊತ್ತಿದ್ದರೆ ಕೈ ತನಗೆ ಗೊತ್ತಿಲ್ಲದೆಯೇ ಆ ಕಡೆ ವಾಲುತ್ತದಂತೆ. ಅಪ್ಪಿಯ ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದಲ್ಲ ಅಂತ ನನಗನ್ನಿಸಿತು. ಅದಕ್ಕೂ ಉಪಾಯ ಮಾಡಿದ್ದರು. ಸೊಂಟದ ಹತ್ತಿರ ಅಡ್ಡ ಪರದೆ, ಆ ಕಡೆ ಬರೀ ಕಾಲು.

ಮೈಮೇಲೆ ಹಿಡಿದು ನೋಡುವ ಸಾಧನಕ್ಕೆ ಪ್ರೋಬ್ ಅನ್ನುತ್ತಾರೆ. ಇದು ಹೊಟ್ಟೆ ನೋಡುವ ದುಂಡು ಮೂತಿಯ ಪ್ರೋಬ್ ಅಲ್ಲ, ಚಪ್ಪಟೆ ಮೂತಿಯದು. ಚರ್ಮಕ್ಕೆ ಹತ್ತಿರ ಇರುವುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ. ಜೆಲ್ಲನ್ನು ಗುಡ್ಡೆ ಹಾಕಿದರು. ಯಾಕಿಷ್ಟು ಅಂದರೆ, ಪ್ರೋಬ್ ಚರ್ಮಕ್ಕೆ ಒತ್ತಬಾರದು, ಜೆಲ್ಲಿನ ಮೇಲೇ ನಿಲ್ಲಬೇಕು. ಸ್ವಲ್ಪ ಒತ್ತಿದರೂ ಸ್ನಾಯು ಚಪ್ಪಟೆಯಾಗಿ ಅಳತೆ ಕಡಿಮೆ ಬರುತ್ತದೆ. ನನಗೆ ತೋರಿಸಲು ಅಂತಲೇ ಅವರು ಒಂದು ಸಲ ಕೈಭಾರ ಬಿಟ್ಟರು. ತೆರೆಯ ಮೇಲಿನ ಸ್ನಾಯು ನೋಡನೋಡುತ್ತಲೇ ಸಣ್ಣಗಾಯಿತು. ಕೈ ಎತ್ತಿದರು, ಮತ್ತೆ ಉಬ್ಬಿತು. ಇಷ್ಟು ಸೂಕ್ಷ್ಮದ ಕೆಲಸವನ್ನು ಅವಸರದ ಒಪಿಡಿಯಲ್ಲಿ ಮಾಡಿಸಿಕೊಂಡರೆ ಏನು ಬರುತ್ತದೋ ದೇವರೇ ಬಲ್ಲ.

ಮೊದಲು ನನ್ನ ಮಗನ ತೊಡೆ. ಮೇಲೆ ಚರ್ಮದ ಬಿಳಿ ಗೆರೆ. ಅದರ ಕೆಳಗೆ ತೆಳ್ಳಗೆ ಕೊಬ್ಬಿನ ಪದರ. ಆಮೇಲೆ ಹೊಳೆಯುವ ಇನ್ನೊಂದು ಗೆರೆ, ಅದರ ಕೆಳಗೆ ಸ್ನಾಯು. ಸ್ನಾಯು ಕಪ್ಪಗೆ ಕಾಣುತ್ತದೆ, ಒಳಗೆ ಅಲ್ಲಲ್ಲಿ ಸಣ್ಣ ಬಿಳಿ ಗೀಟು. ಒಂದರ ಕೆಳಗೊಂದು ಎರಡು ಸ್ನಾಯು. ತಳದಲ್ಲಿ ಬಾಗಿದ ಬೆಳ್ಳನೆಯ ಗೆರೆ, ಅದು ತೊಡೆಯ ಮೂಳೆ. ಅದರಾಚೆ ಕತ್ತಲೆ, ಯಾಕಂದರೆ ಶಬ್ದದ ಅಲೆ ಮೂಳೆ ದಾಟಿ ಹೋಗುವುದಿಲ್ಲ. ಕೊಬ್ಬಿನ ಕೆಳಗಿನ ಗೆರೆಯಿಂದ ಮೂಳೆಯವರೆಗೆ ಎರಡು ಚುಕ್ಕೆ ಇಟ್ಟರು, ಮಿಲಿಮೀಟರ್ ಬಂತು. ಪ್ರೋಬ್ ಎತ್ತಿ, ಮತ್ತೆ ಇಟ್ಟು, ಮತ್ತೆ ಅಳೆದರು. ಹೀಗೆ ಮೂರು ಸಲ ತೆಗೆದು ಸರಾಸರಿ.

ಆಮೇಲೆ ಅಪ್ಪಿಯದು. ಅದೇ ಗೆರೆಗಳು, ಆದರೆ ಪಾಲು ಬೇರೆ. ಕೊಬ್ಬಿನ ಪದರ ದಪ್ಪ, ಕೆಳಗಿನ ಸ್ನಾಯು ಗಿಡ್ಡ. ನನಗೆ ಓದು ಬರದಿದ್ದರೂ ಅಷ್ಟು ಕಂಡಿತು. ಹೊರಗಿನಿಂದ ನೋಡಿದರೆ ಇಬ್ಬರ ತೊಡೆಯೂ ಒಂದೇ ಗಾತ್ರ, ಅಪ್ಪಿಯದೇ ಒಂದು ಕೈ ಮೇಲು. ಅಕ್ಕ ತೆರೆಯನ್ನು ನೋಡುತ್ತಾ, "ಇಷ್ಟು ದಿನ ನಾ ತಿನಿಸಿದ್ದೆಲ್ಲ ಮ್ಯಾಲಿನ ಪದರಕ್ಕ ಹೋತೇನ್ರಿ?" ಅಂತ ಕೇಳಿದಳು. ಡಾಕ್ಟರು ಉತ್ತರ ಕೊಡಲಿಲ್ಲ, ಮೇಡಂ ಕೊಟ್ಟರು. ನೀವು ತಿನ್ನಿಸಿದ್ದರಲ್ಲಿ ತಪ್ಪಿಲ್ಲ, ಔಷಧಿ ಸ್ನಾಯು ಕಟ್ಟಲು ಬಿಡುತ್ತಿಲ್ಲ ಅಂದರು.

ದಪ್ಪದ ಜೊತೆ ಬಣ್ಣವನ್ನೂ ನೋಡುತ್ತಾರೆ. ಕಾಯಿಲೆಯಿಂದ ಸ್ನಾಯುವಿನೊಳಗೆ ಕೊಬ್ಬು, ನಾರು ಸೇರಿಕೊಂಡರೆ ಅದು ಕಪ್ಪಗಿರದೆ ಬೆಳ್ಳಗಾಗುತ್ತಾ ಹೋಗುತ್ತದೆ. ಕೊನೆಗೆ ಮೂಳೆಯ ಗೆರೆಯೇ ಕಾಣದಂತಾಗುತ್ತದೆ. ಇದಕ್ಕೆ ನಾಲ್ಕು ಹಂತದ ಲೆಕ್ಕ 1982ರಿಂದಲೂ ಇದೆ, ಹೆಕ್ಮಾಟ್ ಗ್ರೇಡ್ ಅಂತ. ಅಪ್ಪಿಯ ಸ್ನಾಯು ಸಣ್ಣದಾಗಿತ್ತು, ಬೆಳ್ಳಗಾಗಿರಲಿಲ್ಲ. ಮೂಳೆ ಚೊಕ್ಕ ಕಾಣುತ್ತಿತ್ತು. ಔಷಧಿ ಕಡಿಮೆಯಾದರೆ ತಿರುಗಿ ಬರುವ ಸಾಧ್ಯತೆ ಇದೆ ಅಂದರು.

ಜೆಲ್ಲು ಒರೆಸಿಕೊಂಡು ಕೆಳಗಿಳಿದ ಮೇಲೆ ನನ್ನ ಮಗನಿಗೆ ಒಂದೇ ಕುತೂಹಲ, "ಯಾರದು ಜಾಸ್ತಿ ಬಂತು?" ಅಪ್ಪಿ ಅಲ್ಲೇ ನಿಂತಿದ್ದ. ಮೇಡಂ ಜಾಣೆ. "ನಿಂದು ಬೇರೆ ಪರೀಕ್ಷೆ, ಅವನದು ಬೇರೆ ಪರೀಕ್ಷೆ" ಅಂದುಬಿಟ್ಟರು. ಹೊರಗೆ ಬಂದ ಮೇಲೆ ಅಪ್ಪಿ ನನ್ನ ಸೆರಗು ಜಗ್ಗಿ ಕೇಳಿದ, "ಚಿಗವ್ವಾ, ನಂದು ಕಡಿಮಿ ಬಂದೈತಿ ಹೌದಿಲ್ಲೋ?" ಹೌದಪ್ಪಾ, ಗುಳಿಗಿಯಿಂದ ಹಂಗಾಗೈತಿ ಅಂದೆ. ಅವನಿಗೆ ಬೇಜಾರಾದಂತೆ ಕಾಣಲಿಲ್ಲ. "ಮತ್ತ ನಾ ಸೋಮಾರಿ ಅಲ್ಲ ಅಂತ ಅಪ್ಪಗ ಹೇಳು" ಅಂದ.

ಹೇಳಿದೆ, ಫೋನಿನಲ್ಲೇ.

ಆಮೇಲೆ ಚಿಕಿತ್ಸೆ ಬದಲಾಯಿತು. ಸ್ಟಿರಾಯ್ಡ್ ಡೋಸ್ ನಿಧಾನವಾಗಿ ಇಳಿಸಿ, ಜೊತೆಗೆ ಲೆವಾಮಿಸೋಲ್ ಅನ್ನುವ ಗುಳಿಗೆ ಹಚ್ಚಿದರು. ಪದೇ ಪದೇ ಮರುಕಳಿಸುವುದನ್ನು ಅದು ತಡೆದರೆ ಸ್ಟಿರಾಯ್ಡಿನ ಮೇಲೆ ಬೀಳುವ ಭಾರ ಕಡಿಮೆ. ಬರೀ ಸ್ಕ್ಯಾನಿಂಗ್ ನೋಡಿ ಬದಲಾಯಿಸಿದರು ಅಂತಲ್ಲ. ಎತ್ತರ ನಿಂತಿದ್ದು, ಮರುಕಳಿಸಿದ್ದು ಎಲ್ಲ ಸೇರಿ. ಫಿಸಿಯೊಥೆರಪಿಯವರು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮೆಟ್ಟಿಲು ಹತ್ತುವುದು ಹೇಳಿಕೊಟ್ಟರು. ಅಕ್ಕನ ಮನೆ ಮಾಳಿಗೆಯ ಮೆಟ್ಟಿಲಿಗೆ ಕೊನೆಗೂ ಒಂದು ಉಪಯೋಗವಾಯಿತು. ಅದುವರೆಗೆ ಅಲ್ಲಿ ಮೆಣಸಿನಕಾಯಿ ಚೀಲ ಇಡುತ್ತಿದ್ದರು.

ಎರಡನೇ ಅಳತೆ ಕೆಲವು ತಿಂಗಳಾದ ಮೇಲೆ ಆಯಿತು. ಅಪ್ಪಿಯ ಸ್ನಾಯು ದಪ್ಪವಾಗಿತ್ತು. ನಾವು ಹಿಗ್ಗಿದೆವು. ಮೇಡಂ ಮಾತ್ರ ಹಿಗ್ಗಲಿಲ್ಲ. ಅವನು ಎತ್ತರವೂ ಆಗಿದ್ದಾನೆ, ಬೆಳೆಯುವ ಮಗುವಿನ ಸ್ನಾಯು ಹೇಗೂ ಬೆಳೆಯುತ್ತದೆ, ಬೆಳವಣಿಗೆಗಿಂತ ಜಾಸ್ತಿ ಬೆಳೆದಿದೆಯಾ ಅನ್ನುವುದೇ ಪ್ರಶ್ನೆ ಅಂದರು. ಅದಕ್ಕೆ ನನ್ನ ಮಗನನ್ನೂ ಮತ್ತೆ ಮಲಗಿಸಿ ಅಳೆದರು. ಇಬ್ಬರ ನಡುವಿನ ಅಂತರ ಸ್ವಲ್ಪ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಈ ಸಲ ನನ್ನ ಮಗ ಪುಕ್ಕಟೆ ಒಪ್ಪಲಿಲ್ಲ. ಮಿರ್ಚಿ ಗಿರಮಿಟ್ ಕೊಡಿಸುವ ಮಾತಾದ ಮೇಲೇ ಮಂಚ ಹತ್ತಿದ. ಉಪ್ಪು ಕಡಿಮೆ ತಿನ್ನಬೇಕಾದ ಅಪ್ಪಿಯ ಎದುರು ಅದನ್ನು ತಿನ್ನಿಸುವುದು ಹೇಗೆ ಅನ್ನುವ ತಲೆನೋವು ನನ್ನದು.

ಮುಂದಿನ ಅಳತೆ ಹೊತ್ತಿಗೆ ಮೇಡಂ ಓದು ಮುಗಿಸಿ ಊರಿಗೆ ಹೋಗಿರುತ್ತಾರೆ. ಹಾಗಾಗಿ ಅಪ್ಪಿಯ ಫೈಲಿನಲ್ಲಿ ಒಂದು ಪುಟ ಪೂರ್ತಿ ಬರೆದಿಟ್ಟಿದ್ದಾರೆ: ಬಲಗಾಲು, ಎಲುಬಿನಿಂದ ಚಿಪ್ಪಿನವರೆಗೆ ಅಳೆದು ಅರ್ಧಕ್ಕೆ ಗುರುತು, ಮಲಗಿಸಿ, ಒತ್ತದೆ, ಮೂರು ಸಲ. ಮಷಿನ್ನಿನ ಗೇನ್, ಅಂದರೆ ಚಿತ್ರದ ಬೆಳಕು ಎಷ್ಟಿತ್ತು, ಡೆಪ್ತ್, ಅಂದರೆ ಎಷ್ಟು ಆಳದವರೆಗೆ ನೋಡಿದರು ಅನ್ನುವುದೂ ಇದೆ. ಗೇನ್ ಏರಿಸಿದರೆ ಕಪ್ಪು ಸ್ನಾಯುವೂ ಬೆಳ್ಳಗೆ ಕಂಡುಬಿಡುತ್ತದೆ. "ಯಾರೇ ಅಳೆಯಲಿ, ಮೊದಲು ಇದನ್ನ ತೋರಿಸಿ" ಅಂದಿದ್ದಾರೆ. ಅಕ್ಕ ಅದರ ಎರಡು ಝೆರಾಕ್ಸ್ ಮಾಡಿಸಿ, ಒಂದನ್ನು ನಮ್ಮ ಮನೆಯಲ್ಲಿ ಇಟ್ಟಿದ್ದಾಳೆ.